ಮೈದನಹಳ್ಳಿಗೆ ಹದ್ದು ನೋಡೋಕೆ ಹೋಗೋರಿಗೆ

ತುಮಕೂರು ಜಿಲ್ಲೆಯ ಮೈದನಹಳ್ಳಿ ಹುಲ್ಲುಗಾವಲಿಗೆ ಹೋಗೋದಾದ್ರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಅದೂ ಮಧ್ಯಾಹ್ನದ ಊಟ ಮುಗಿಸಿಕೊಂಡು ಹೋಗಿ. ಮಿಕ್ಕಿದ್ದೆಲ್ಲ ಆಮೇಲೆ.

ಮಕ್ಕಳಿಗೆ ಹದ್ದು, ಗಿಡುಗಗಳನ್ನು ಹತ್ತಿರದಿಂದ ತೋರಿಸಬೇಕು, ಎಲ್ಲಿಗೆ ಕರ್ಕೊಂಡು ಹೋಗೋಣ ಅಂತ ತುಮಕೂರಿನಲ್ಲಿ ಸುಮಾರು ಜನ ಕೇಳ್ತಾರೆ. ಫೋನಿನಲ್ಲಿ ವಿಡಿಯೋ ನೋಡಿರ್ತಾರೆ. ತೊಗಲಿನ ಗವಸು ಹಾಕಿದ ಕೈ ಮೇಲೆ ಗಿಡುಗ ಬಂದು ಕೂರುತ್ತೆ, ಸುತ್ತ ಜನ ಚಪ್ಪಾಳೆ ತಟ್ಟುತ್ತಾರೆ. ಇಂಗ್ಲೆಂಡಿನ ನ್ಯೂಯೆಂಟ್ ಅನ್ನೋ ಊರಲ್ಲಿ 1967ರಿಂದ ಅಂಥದ್ದೊಂದು ಕೇಂದ್ರ ಇದೆ. ಬೇಟೆ ಹಕ್ಕಿಗಳನ್ನು ಸಾಕಿ, ಮರಿ ಮಾಡಿಸಿ, ಹಾರಿಸಿ ತೋರಿಸ್ತಾರೆ. ಬರೀ ಆಟ ಅಂತ ತಳ್ಳಿಹಾಕೋ ಹಾಗಿಲ್ಲ. ರಣಹದ್ದುಗಳನ್ನು ಸಾಕಿ ಮರಿ ಮಾಡಿಸೋದು ಹೇಗೆ ಅನ್ನೋ ವಿಷಯದಲ್ಲಿ ನಮ್ಮ ದೇಶಕ್ಕೆ ಅಲ್ಲಿಂದ ನೆರವು ಸಿಕ್ಕಿದೆ. ಆದರೆ ನಮ್ಮಲ್ಲಿ ಅಂಥ ಪ್ರದರ್ಶನ ಸಿಗಲ್ಲ. ಕಾಡಿನ ಹದ್ದು, ಗಿಡುಗ ಹಿಡಿಯೋದು, ಮನೇಲಿ ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಹಾಗಾಗಿ ನಮಗಿರೋ ದಾರಿ ಒಂದೇ, ಹಕ್ಕಿ ಇರೋ ಕಡೆ ನಾವೇ ಹೋಗಿ ಸುಮ್ನೆ ಕೂರೋದು. ನನಗಂತೂ ಇದೇ ವಾಸಿ ಅನ್ಸುತ್ತೆ.

ಜಾಗ ಇರೋದು ಮಧುಗಿರಿ ತಾಲ್ಲೂಕಿನಲ್ಲಿ, ಆಂಧ್ರದ ಗಡಿ ಹತ್ತಿರ. ಕಾಗದದಲ್ಲಿ ಇದರ ಹೆಸರು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ. ದೇವರಾಯನದುರ್ಗದಲ್ಲಿ ಹುಟ್ಟೋ ಜಯಮಂಗಲಿ ನದಿಯ ಹೆಸರನ್ನೇ ಇಟ್ಟಿದ್ದಾರೆ. 2007ರಲ್ಲಿ ಘೋಷಣೆ ಆಯ್ತು. ಸುಮಾರು 798 ಎಕರೆ, ಬಹುಪಾಲು ಹುಲ್ಲು. ಅಲ್ಲಲ್ಲಿ ನೀಲಗಿರಿ ತೋಪು. ಜನ ಬರೋದು ಜಿಂಕೆ ನೋಡೋಕೆ. ಕಪ್ಪು ಬೆನ್ನಿನ, ತಿರುಚಿದ ಕೊಂಬಿನ ಗಂಡುಗಳು ದಂಡಿಯಾಗಿ ಸಿಗುತ್ತವೆ, ನೋಡಿ. ಆದರೆ ಕಣ್ಣು ಅದರ ಮೇಲೇ ನೆಟ್ಟರೆ ಹುಲ್ಲಿನ ಮೇಲೆ ತೇಲಿ ಹೋಗೋ ಹಕ್ಕಿ ತಪ್ಪಿಹೋಗುತ್ತೆ.

ತುಮಕೂರಿನಿಂದ ಹೊರಟರೆ ಕೊರಟಗೆರೆ ದಾಟಿ ಮಧುಗಿರಿ, ಸುಮಾರು 45 ಕಿಲೋಮೀಟರ್. ಅಲ್ಲಿಂದ ಕೊಡಿಗೇನಹಳ್ಳಿ ಕಡೆಗೆ ಇನ್ನೂ ಇಪ್ಪತ್ತು ಚಿಲ್ಲರೆ. ಬೆಂಗಳೂರಿನವರು ದೊಡ್ಡಬಳ್ಳಾಪುರ, ಗೌರಿಬಿದನೂರು ಮೇಲೆ ಬಂದರೆ ಸುಲಭ. ಬಸ್ಸಿನಲ್ಲೂ ಹೋಗಬಹುದು, ಆದರೆ ಕತ್ತಲಾದ ಮೇಲೆ ವಾಪಸ್ ಬರೋದು ಕಷ್ಟ. ಸ್ವಂತ ಗಾಡಿ ಇದ್ರೆ ಒಳ್ಳೇದು. ಕೊನೆಯ ತುಂಡು ಮಣ್ಣಿನ ದಾರಿ, ಮಳೆ ಬಂದ ಮಾರನೇ ದಿನ ಚಿಕ್ಕ ಕಾರು ಬೇಡ. ಹೊರಡೋ ಮುಂಚೆ ಮಧುಗಿರಿಯ ಅರಣ್ಯ ಇಲಾಖೆ ಕಚೇರಿಯಲ್ಲಿ ಒಂದು ಮಾತು ಕೇಳಿಬಿಡಿ. ಎಲ್ಲಿವರೆಗೆ ಗಾಡಿ ಬಿಡ್ತಾರೆ, ವಾಚ್ ಟವರ್ ಹತ್ತಬಹುದಾ, ಎಷ್ಟು ಹೊತ್ತಿಗೆ ಹೊರಗೆ ಬರಬೇಕು, ಇಷ್ಟು ಗೊತ್ತಾದ್ರೆ ಸಾಕು.

ಇನ್ನು ಹಕ್ಕಿ ವಿಷಯ. ಇಲ್ಲಿ ಚಳಿಗಾಲದ ಮುಖ್ಯ ಅತಿಥಿ ಹ್ಯಾರಿಯರ್ ಅನ್ನೋ ಬೇಟೆ ಹಕ್ಕಿ. ಕನ್ನಡದಲ್ಲಿ ಸೆಳೆವ ಅಂತಾರೆ. ಮಧ್ಯ ಏಷ್ಯಾದ ಕಡೆಯಿಂದ ಸಾವಿರಾರು ಕಿಲೋಮೀಟರ್ ಹಾರಿ ಬಂದು, ನಮ್ಮ ಬಯಲುಗಳಲ್ಲಿ ಮಿಡತೆ, ಇಲಿ, ಓತಿ, ಚಿಕ್ಕ ಹಕ್ಕಿ ತಿಂದ್ಕೊಂಡು ಚಳಿಗಾಲ ಕಳೀತಾವೆ. ಮಾಂಟೆಗು ಜಾತಿಯ ಗಂಡು ಬೂದು ಬಣ್ಣ, ರೆಕ್ಕೆ ಮೇಲೆ ಒಂದು ಕಪ್ಪು ಗೆರೆ. ಪ್ಯಾಲಿಡ್ ಜಾತಿಯದ್ದು ಇನ್ನೂ ಬೆಳ್ಳಗೆ, ರೆಕ್ಕೆ ತುದಿ ಮಾತ್ರ ಕಪ್ಪು. ಹೆಣ್ಣುಗಳು ಎರಡರಲ್ಲೂ ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಹೆಣ್ಣುಗಳನ್ನು ಬೇರೆ ಮಾಡಿ ಹೇಳೋಕೆ ಪಳಗಿದವರೂ ತಡವರಿಸ್ತಾರೆ, ನೀವು ತಲೆ ಕೆಡಿಸ್ಕೋಬೇಡಿ.

ಹದ್ದು ಅಂದ್ರೆ ಆಕಾಶ ನೋಡೋದು ರೂಢಿ, ಅಲ್ವಾ? ಇಲ್ಲಿ ನೆಲ ನೋಡಬೇಕು. ಹ್ಯಾರಿಯರ್ ಹಾರೋದು ಹುಲ್ಲಿನ ತುದಿಗೆ ಆಳೆತ್ತರದಲ್ಲಿ. ರೆಕ್ಕೆ ಎರಡೂ ಸ್ವಲ್ಪ ಮೇಲಕ್ಕೆತ್ತಿ, ತಲೆ ಬಗ್ಗಿಸಿ, ಹೊಲ ಉಳೋರ ಹಾಗೆ ಒಂದು ಸಾಲು ಹಿಡಿದು ಹೋಗುತ್ತೆ, ತಿರುಗಿ ಪಕ್ಕದ ಸಾಲಿಗೆ ಬರುತ್ತೆ. ಅದರ ಮುಖ ಗೂಬೆ ಮುಖದಂತೆ ದುಂಡಗೆ ಯಾಕಿದೆ ಅಂದ್ರೆ, ಹುಲ್ಲೊಳಗಿನ ಇಲಿಯ ಸದ್ದನ್ನು ಕೇಳಿಸ್ಕೊಂಡು ಹಿಡಿಯುತ್ತೆ. ನಾನು ನೋಡಿದ ಒಂದು ಗಂಡು ಹಾರ್ತಾ ಇದ್ದಿದ್ದು ಗಾಳಿಯಲ್ಲೇ ಗಕ್ಕನೆ ನಿಂತಿತು. ಬಾಲ ಅಗಲಿಸಿ, ಉದ್ದನೆ ಹಳದಿ ಕಾಲು ಇಳಿಬಿಟ್ಟು ಹುಲ್ಲೊಳಗೆ ಬಿತ್ತು. ಎದ್ದಾಗ ಕಾಲಲ್ಲಿ ಏನೂ ಇರಲಿಲ್ಲ. ಮತ್ತೆ ಅದೇ ಸಾಲು ಹಿಡೀತು.

ಹ್ಯಾರಿಯರ್ ಸಿಗೋವರೆಗೂ ಬೇಸರ ಆಗಲ್ಲ. ಕರೆಂಟ್ ತಂತಿ ಮೇಲೆ ಬೂದು ಬಿಳಿಯ ರಾಮದಾಸ ಹದ್ದು ಕೂತಿರುತ್ತೆ. ದುರ್ಬೀನಿನಲ್ಲಿ ಅದರ ಕೆಂಡದಂಥ ಕಣ್ಣು ತೋರಿಸಿದ್ರೆ ಮಕ್ಕಳು ಅಲ್ಲಾಡಲ್ಲ. ಹಾವು ತಿನ್ನೋ ದಪ್ಪ ತಲೆಯ ಹದ್ದು ಒಂದೇ ಕಡೆ ರೆಕ್ಕೆ ಬಡಿದು ನಿಲ್ಲೋದು ಅದೃಷ್ಟ ಇದ್ರೆ ಕಾಣುತ್ತೆ. ಜಾಲಿ ಮರದ ಕೆಳಗೆ ಕಣ್ಣಾಡಿಸಿ. ಹೆಬ್ಬೆರಳು ಗಾತ್ರದ ಬೂದು ಉಂಡೆ ಸಿಕ್ಕರೆ ಕಡ್ಡಿಯಿಂದ ಬಿಡಿಸಿ ನೋಡಿ. ಇಲಿ ಕೂದಲು, ಸಣ್ಣ ಮೂಳೆ, ಮಿಡತೆ ಕಾಲು ಇರುತ್ತೆ. ಅರಗದೇ ಉಳಿದದ್ದನ್ನು ಹದ್ದುಗಳು ಹೀಗೆ ಬಾಯಿಂದ ಕಕ್ಕುತ್ತವೆ. ಕೈಯಲ್ಲಿ ಮುಟ್ಟಬೇಡಿ ಅಷ್ಟೆ.

ನಾಲ್ಕೂವರೆ ಒಳಗೆ ಒಂದು ಜಾಗ ಹಿಡಿದು, ಸೂರ್ಯ ಬೆನ್ನಿಗೆ ಬರೋ ಹಾಗೆ ಕೂರಿ. ಕಾರೊಳಗೇ ಕೂತರೆ ಇನ್ನೂ ಒಳ್ಳೇದು, ಗಾಡಿಗೆ ಅವು ಅಷ್ಟು ಹೆದರಲ್ಲ. ಹೊತ್ತು ಮುಳುಗೋ ಸಮಯಕ್ಕೆ ಒಂದೊಂದೇ ಬಂದು, ಸ್ವಲ್ಪ ಸುತ್ತಾಡಿ, ಹುಲ್ಲಿಗೆ ಇಳೀತಾವೆ. ಹ್ಯಾರಿಯರ್ ಮರದ ಮೇಲೆ ಮಲಗಲ್ಲ, ನೆಲದ ಮೇಲೇ. ಅದಕ್ಕೇ ಇಳಿದ ಕಡೆಗೆ ಯಾರೂ ನಡೆದು ಹೋಗಬಾರದು. ಫೋಟೋ ಹುಚ್ಚಿನವರು ಹುಲ್ಲು ತುಳಿದು ಎಬ್ಬಿಸೋದು ನೋಡಿ ಸಿಟ್ಟು ಬಂದಿದೆ. ಕತ್ತಲಲ್ಲಿ ಎದ್ದ ಹಕ್ಕಿಗೆ ಬೇರೆ ಜಾಗ ಎಲ್ಲಿ? ಡ್ರೋನ್ ಅಂತೂ ಬೇಡವೇ ಬೇಡ.

ಅಲ್ಲಿ ಕುರಿ ಮೇಯಿಸ್ತಿದ್ದ ತಾತ ಒಬ್ಬರು "ಏನ್ ನೋಡಾಕ್ ಬಂದೀರಿ ಸಾಮಿ?" ಅಂದ್ರು. ಹದ್ದು ಅಂದೆ. "ದೊಡ್ಡವು ಈಗೆಲ್ಲಿ ಬರ್ತವೆ. ಆಗ ದನ ಸತ್ರೆ ಗುಂಪಾಗಿ ಇಳಿದು ಮೂಳೆ ಬಿಟ್ಟು ಎಲ್ಲಾ ಖಾಲಿ ಮಾಡ್ತಿದ್ವು" ಅಂದ್ರು. ರಣಹದ್ದಿನ ಮಾತು. ದನಕ್ಕೆ ನೋವಿಗೆ ಅಂತ ಕೊಡ್ತಿದ್ದ ಡೈಕ್ಲೋಫೆನಾಕ್ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ಹದ್ದಿನ ಮೂತ್ರಪಿಂಡ ಕೆಡಿಸ್ತಿತ್ತು. ದೇಶದಲ್ಲಿ 2006ರಲ್ಲಿ ದನಗಳಿಗೆ ಅದನ್ನು ನಿಷೇಧ ಮಾಡಿದ್ರು. ಅಷ್ಟು ಹೊತ್ತಿಗೆ ಬಿಳಿಬೆನ್ನಿನ ರಣಹದ್ದು ನೂರಕ್ಕೆ ಒಂದೂ ಉಳಿದಿರಲಿಲ್ಲ. ಹರಿಯಾಣದ ಪಿಂಜೋರ್‌ನಲ್ಲಿ ಅವನ್ನು ಸಾಕಿ ಮರಿ ಮಾಡಿಸ್ತಾರೆ. ವರ್ಷಕ್ಕೆ ಒಂದೇ ಮೊಟ್ಟೆ ಇಡೋ ಹಕ್ಕಿ, ಹಾಗಾಗಿ ಮೊದಲ ಮೊಟ್ಟೆ ತೆಗೆದು ಇನ್‌ಕ್ಯುಬೇಟರ್‌ನಲ್ಲಿಟ್ಟರೆ ಜೋಡಿ ಇನ್ನೊಂದು ಇಡಬಹುದು ಅನ್ನೋ ಉಪಾಯವನ್ನೂ ಮಾಡಿದ್ದಾರೆ. ಅಲ್ಲಿ ಪ್ರವಾಸಿಗರಿಗೆ ಪ್ರದರ್ಶನ ಇಲ್ಲ, ಹಕ್ಕಿಗೆ ಮನುಷ್ಯರ ರೂಢಿ ಆಗಬಾರದು ಅಂತ. ನಿಮ್ಮ ಮನೇಲಿ ಹಸು ಇದ್ರೆ ಪಶುವೈದ್ಯರ ಹತ್ರ ನೋವಿಗೆ ಮೆಲಾಕ್ಸಿಕಾಂ ಔಷಧಿ ಕೇಳಿ, ಅದರಿಂದ ರಣಹದ್ದಿಗೆ ತೊಂದರೆ ಇಲ್ಲ.

ಹ್ಯಾರಿಯರ್ ಕಥೆ ಬೇರೆ. ಯುರೋಪಿನಲ್ಲಿ ಮಾಂಟೆಗು ಹ್ಯಾರಿಯರ್‌ಗಳು ಗೋಧಿ ಹೊಲದ ನೆಲದಲ್ಲೇ ಗೂಡು ಮಾಡ್ತವೆ. ಕೊಯ್ಲಿನ ಹೊತ್ತಿಗೆ ಗೂಡಿನ ಸುತ್ತ ಒಂದಿಷ್ಟು ಪೈರು ಬಿಟ್ಟು, ಬೇಲಿ ಹಾಕಿ ಮರಿ ಉಳಿಸ್ತಾರೆ. ನಮ್ಮ ಪಾಲಿನ ಕೆಲಸ ಇನ್ನೂ ಸುಲಭ, ಹುಲ್ಲನ್ನು ಹುಲ್ಲಾಗೇ ಬಿಡಬೇಕು. ಆದರೆ ಹುಲ್ಲುಗಾವಲು ಅಂದ್ರೆ ನಮ್ಮವರಿಗೆ ಪಾಳು ಭೂಮಿ. ಗಿಡ ನೆಟ್ಟು ಕಾಡು ಮಾಡೋಣ ಅಂತ ಯಾರೋ ಒಬ್ಬರು ಇದ್ದೇ ಇರ್ತಾರೆ. ಮರ ತುಂಬಿದ್ರೆ ಜಿಂಕೆಯೂ ನಿಲ್ಲಲ್ಲ, ಹ್ಯಾರಿಯರ್ರೂ ಇಳಿಯಲ್ಲ.

ತಗೊಂಡು ಹೋಗಬೇಕಾದ್ದು ಜಾಸ್ತಿ ಏನಿಲ್ಲ. 8x42 ದುರ್ಬೀನು ಸಾಕು. ನೀರು, ಟೋಪಿ, ಮಣ್ಣಿನ ಬಣ್ಣದ ಬಟ್ಟೆ. ಶೂ ಕಡ್ಡಾಯ, ಕೊಳಕುಮಂಡಲ ಇರೋ ಸೀಮೆ ಇದು. ಹತ್ತಿ ಸಾಕ್ಸ್ ಹಾಕಿದ್ರೆ ಹುಲ್ಲಿನ ಬೀಜ ಕೀಳೋದೇ ರಾತ್ರಿ ಕೆಲಸ ಆಗುತ್ತೆ. ಒಳಗೆ ಅಂಗಡಿ, ಶೌಚಾಲಯ ನಂಬ್ಕೋಬೇಡಿ, ಮಧುಗಿರಿಯಲ್ಲೇ ಎಲ್ಲ ಮುಗಿಸಿಕೊಳ್ಳಿ. ಬೆಳಗ್ಗೆ ಬೇಗ ಬಂದವರು ಏಕಶಿಲಾ ಬೆಟ್ಟದ ಕೋಟೆ ಹತ್ತಬಹುದು. ಮೇಲಿನ ಭಾಗ ಬಹಳ ಕಡಿದು, ಚಿಕ್ಕ ಮಕ್ಕಳಿದ್ರೆ ಅರ್ಧಕ್ಕೇ ನಿಲ್ಲಿಸಿ. ಮೈದನಹಳ್ಳಿಗೆ ಕಾಲು ಉಳಿದಿರಬೇಕಲ್ಲ.

ವಾಪಸ್ ಬರುವಾಗ ಮಧುಗಿರಿವರೆಗೂ ನಿಧಾನ. ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್‌ಗಳು ಓಡಾಡ್ತವೆ, ಹೊಲಕ್ಕೆ ನುಗ್ಗೋ ಜಿಂಕೆಗಳು ರಸ್ತೆಗೆ ಅಡ್ಡ ಬರ್ತವೆ. ರಾತ್ರಿ ಊಟಕ್ಕೆ ಮಧುಗಿರಿ ಬಸ್‌ಸ್ಟ್ಯಾಂಡ್ ಕಡೆ ಹೋಟೆಲ್ ಸಿಗುತ್ತೆ, ತೀರಾ ತಡ ಮಾಡಬೇಡಿ.