ಗೇಟಿನ ಚಿಲಕದ ಸದ್ದು

ಸಂಜೆ ಆರೂವರೆಗೆ ಗೇಟಿನ ಚಿಲಕ ಎಳೆಯುವ ಸದ್ದಿನಲ್ಲೇ ಅಪ್ಪ ಇವತ್ತು ಯಾವ ಮೂಡಿನಲ್ಲಿದ್ದಾರೆ ಎಂದು ಅಳೆಯಲು ಕಲಿತ ಮಕ್ಕಳಿರುತ್ತಾರೆ. ಮೆಲ್ಲಗೆ ಎಳೆದರೆ ಪುಸ್ತಕ ಹಿಡಿದು ಕೂತರೆ ಸಾಕು. ಫಟ್ ಎಂದು ಬಿದ್ದರೆ ಹಿತ್ತಲಿಗೆ ಓಟ. ಆ ಮಕ್ಕಳಿಗೆ ಈಗ ಮೂವತ್ತೈದೋ ನಲವತ್ತೋ ಆಗಿದೆ. ಅಪ್ಪನಿಗೆ ಮಂಡಿನೋವು, ಸಕ್ಕರೆ ಕಾಯಿಲೆ; ಗದರುವಷ್ಟು ದನಿಯೂ ಉಳಿದಿಲ್ಲ. ಆದರೂ ಗೌರಿ ಹಬ್ಬಕ್ಕೆ ಊರಿಗೆ ಹೋಗಿ ನಡುಮನೆಯಲ್ಲಿ ಕಾಫಿ ಕುಡಿಯುತ್ತಿರುವಾಗ ಆ ಚಿಲಕ ಬಿದ್ದರೆ ಅಂಗೈ ತಣ್ಣಗಾಗುತ್ತದೆ, ಹೊಟ್ಟೆಯೊಳಗೆ ಏನೋ ಕುಸಿಯುತ್ತದೆ, ಅರ್ಧ ಆಡಿದ ಮಾತು ಅಲ್ಲೇ ನಿಲ್ಲುತ್ತದೆ. ಬಂದವನು ಹಾಲಿನ ಹುಡುಗ.

ಇಲ್ಲಿ ಬರೆಯುತ್ತಿರುವುದು ಅಂಥ ಒಂದು ದಿನದ ಬಗ್ಗೆ. ಹೊರಡುವ ಹಿಂದಿನ ರಾತ್ರಿಯಿಂದ ವಾಪಸು ಬಂದ ಮಾರನೆಯ ದಿನದವರೆಗೆ ಏನೇನಾಗುತ್ತದೆ, ಏನು ಮಾಡಬಹುದು, ಎಲ್ಲಿ ಕೈಕೊಡುತ್ತದೆ ಎನ್ನುವುದರ ಬಗ್ಗೆ.

ಒಂದು ಸಲದ ಅಪಘಾತ ಬಿಟ್ಟುಹೋಗುವ ಪೆಟ್ಟು ಬೇರೆ, ಓಡಿಹೋಗಲು ಬೇರೆ ಜಾಗವೇ ಇಲ್ಲದ ಮನೆಯಲ್ಲಿ ವರ್ಷಗಟ್ಟಲೆ ಬಿದ್ದ ಪೆಟ್ಟು ಬೇರೆ. ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ ಇದನ್ನು 1992ರಲ್ಲೇ ವಾದಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡು ತನ್ನ ರೋಗಪಟ್ಟಿಯಲ್ಲಿ ಕಾಂಪ್ಲೆಕ್ಸ್ ಪಿಟಿಎಸ್‌ಡಿ (ಪಿಟಿಎಸ್‌ಡಿ ಎಂದರೆ ಆಘಾತದ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆ) ಎಂಬ ಪ್ರತ್ಯೇಕ ಹೆಸರು ಕೊಟ್ಟದ್ದು ಹನ್ನೊಂದನೆಯ ಆವೃತ್ತಿಯಲ್ಲಿ; ಅದು ಜಾರಿಗೆ ಬಂದದ್ದು 2022ರ ಜನವರಿ 1ರಂದು. ಹಳೆಯದು ಈಗಲೇ ನಡೆಯುತ್ತಿದೆ ಎಂಬಂತೆ ಮರುಕಳಿಸುವುದು, ಅದನ್ನು ನೆನಪಿಸುವುದರಿಂದೆಲ್ಲ ತಪ್ಪಿಸಿಕೊಂಡು ತಿರುಗುವುದು, ಸದಾ ಕಿವಿ ನಿಮಿರಿಸಿಕೊಂಡಿರುವುದು: ಇವು ಮಾಮೂಲಿ ಪಿಟಿಎಸ್‌ಡಿಯಲ್ಲೂ ಇವೆ. ಇವುಗಳ ಮೇಲೆ ಇನ್ನೂ ಮೂರು ಸೇರುತ್ತವೆ. ಭಾವನೆ ಹತೋಟಿಗೆ ಸಿಗುವುದಿಲ್ಲ. 'ನಾನು ಯಾತಕ್ಕೂ ಬಾರದವಳು' ಎನ್ನುವುದು ನಂಬಿಕೆಯಾಗಿ ಬೇರೂರಿರುತ್ತದೆ. ಹತ್ತಿರದವರ ಜೊತೆ ಹತ್ತಿರವಾಗಿ ಉಳಿಯುವುದೇ ಕಷ್ಟವಾಗುತ್ತದೆ. ಅಮೆರಿಕದವರ ಮನೋರೋಗಗಳ ಕೈಪಿಡಿ ಡಿಎಸ್‌ಎಂ-5ರಲ್ಲಿ ಈ ಕಾಯಿಲೆಗೆ ಪ್ರತ್ಯೇಕ ಹೆಸರಿಲ್ಲ. ಹಾಗಾಗಿ ಒಬ್ಬರ ಚೀಟಿಯಲ್ಲಿ ಖಿನ್ನತೆ, ಇನ್ನೊಬ್ಬರ ಚೀಟಿಯಲ್ಲಿ ಆತಂಕ ಎಂದು ಬರೆದಿದ್ದರೆ ಗಾಬರಿಬೀಳಬೇಕಿಲ್ಲ.

ನಮ್ಮಲ್ಲಿ ಇದನ್ನು ಗಾಯ ಎಂದು ಕರೆಯಲೇ ಬಾಯಿ ಬರುವುದಿಲ್ಲ. 'ದಂಡಂ ದಶಗುಣಂ' ಕೇಳಿ ಬೆಳೆದವರು ನಾವು. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದಾಗ ಮೂವರಲ್ಲಿ ಇಬ್ಬರು ಹೊಡೆತ ತಿಂದವರೇ ಆಗಿದ್ದರು. ಎಲ್ಲರ ಮನೆಯಲ್ಲೂ ಇತ್ತು ಎಂದ ಮಾತ್ರಕ್ಕೆ ಯಾರಿಗೂ ನೋವಾಗಲಿಲ್ಲ ಎಂದೇನೂ ಆಗುವುದಿಲ್ಲ. ಬೆತ್ತವೇ ಬೇಕೆಂದೂ ಇಲ್ಲ. ವಾರಗಟ್ಟಲೆ ಮಾತು ಬಿಡುವ ಅಮ್ಮ, 'ನೀನು ಹುಟ್ಟಿದ ಮೇಲೇ ಈ ಮನೆಗೆ ಶನಿ ಹಿಡಿದದ್ದು' ಎನ್ನುವ ಅಜ್ಜಿ, ತೊಟ್ಟಿಲ ತಂಗಿಗೆ ಏಳನೇ ವಯಸ್ಸಿಗೇ ತಾಯಾಗಬೇಕಾದ ಅಕ್ಕ — ಇವೂ ಸಾಕು.

ಮೊದಲಿಗೆ ಒಂದು ಮಾತು. ಕಿರುಕುಳ ಕೊಟ್ಟವರು ಇನ್ನೂ ಕೈ ಎತ್ತುತ್ತಾರೆ ಎಂದಾದರೆ, ಅಥವಾ ಲೈಂಗಿಕ ದೌರ್ಜನ್ಯ ಮಾಡಿದವರು ಅದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ ಎಂದಾದರೆ, ಹಬ್ಬಕ್ಕೆ ಹೋಗದಿರುವುದೇ ಸರಿ. ಕಾರಣ ಒಂದು ಸಾಲಿನದಿರಲಿ: 'ಈ ಸಲ ಬರಲಾಗುತ್ತಿಲ್ಲ.' ವಿವರಣೆ ಉದ್ದವಾದಷ್ಟೂ ಜಗ್ಗಾಟಕ್ಕೆ ದಾರವೂ ಉದ್ದವಾಗುತ್ತದೆ.

ಹೋಗುವುದೇ ಆದರೆ ಹಿಂದಿನ ರಾತ್ರಿಯೇ ಮೂರು ವಿಷಯ ತೀರ್ಮಾನವಾಗಿರಬೇಕು: ಎಷ್ಟು ಹೊತ್ತಿಗೆ ವಾಪಸು, ಎಲ್ಲಿ ಮಲಗುವುದು, ಯಾರಿಗೆ ಫೋನ್ ಮಾಡುವುದು. ವಾಪಸಿನ ಬಸ್ ಟಿಕೆಟ್ ಮೊದಲೇ ಬುಕ್ ಆಗಿರಲಿ. 'ನೋಡೋಣ, ಸರಿಹೋದರೆ ಇನ್ನೊಂದು ದಿನ ಇರೋಣ' ಎಂದು ಹೋದರೆ ಅಲ್ಲಿ ತೀರ್ಮಾನ ಮಾಡುವವರು ನಲವತ್ತರ ನೀವಲ್ಲ, ಏಳರ ನೀವು. ಆ ಮಗು ಬೇಡ ಎನ್ನಲು ಕಲಿತೇ ಇಲ್ಲ. ಮೊದಲ ಒಂದೆರಡು ಸಲ ನಾಲ್ಕು ತಾಸು ಸಾಕು, ರಾತ್ರಿ ಉಳಿಯುವುದು ಬೇಡ. ಆ ಮನೆಯಲ್ಲಿ ರಾತ್ರಿಯ ಹೊತ್ತು ಕಷ್ಟ. ನಿದ್ದೆ ಬರುವುದಿಲ್ಲ, ನಿದ್ದೆಗೆಟ್ಟ ಮೈಗೆ ಸಣ್ಣ ಸದ್ದೂ ದೊಡ್ಡದಾಗಿ ಕೇಳುತ್ತದೆ. ಫೋನಿಗೆ ಒಬ್ಬರೇ ಸಾಕು, ಆದರೆ ಅವರಿಗೆ ಮುಂಚೆಯೇ ಹೇಳಿರಬೇಕು: 'ಬುದ್ಧಿ ಹೇಳಬೇಡ, ಐದು ನಿಮಿಷ ಏನಾದರೂ ಮಾತಾಡು.' ಬ್ಯಾಗಿನಲ್ಲಿ ಈಗಿನ ಬದುಕಿಗೆ ಸೇರಿದ ಒಂದು ವಸ್ತು ಇರಲಿ: ಆಫೀಸಿನ ಗುರುತಿನ ಚೀಟಿ, ನಿಮ್ಮ ಮನೆಯ ಬೀಗದ ಕೈ. ಬೀಗದ ಕೈ ಒಳ್ಳೆಯದು, ಅದಕ್ಕೆ ತೂಕವಿದೆ.

ಪೆಟ್ಟು ಬೀಳುವುದು ಸಾಮಾನ್ಯವಾಗಿ ನಿರೀಕ್ಷಿಸಿದ ಕಡೆಯಿಂದಲ್ಲ. ಅಪ್ಪನ ಎದುರು ಮೈಯೆಲ್ಲ ಬಿಗಿಹಿಡಿದುಕೊಂಡು ಕಾಯುತ್ತಿರುತ್ತೀರಿ. ಊಟಕ್ಕೆ ಕೂತಾಗ ಚಿಕ್ಕಪ್ಪ ನಗುತ್ತ 'ಇವಳು ಚಿಕ್ಕವಳಿದ್ದಾಗ ಎಂಥ ಅಳುಬುರುಕಿ ಗೊತ್ತಾ' ಎನ್ನುತ್ತಾರೆ, ಎಲೆಯ ಸುತ್ತ ಕೂತವರೆಲ್ಲ ನಗುತ್ತಾರೆ. ಮುಗಿಯಿತು. ಒಬ್ಬಟ್ಟು ಗಂಟಲಲ್ಲಿ ಇಳಿಯುವುದಿಲ್ಲ. ಕಣ್ಣಮುಂದೆ ಯಾವ ಚಿತ್ರವೂ ಬರುವುದಿಲ್ಲ, ಯಾವ ಘಟನೆಯೂ ನೆನಪಾಗುವುದಿಲ್ಲ; ಬರುವುದು ಬರೀ ಅಂದಿನ ನಾಚಿಕೆ, ಅಂದಿನ ಭಯ, ಅಂದಿನಷ್ಟೇ ಗಾತ್ರದಲ್ಲಿ. ಚಿತ್ರವಿಲ್ಲದ್ದರಿಂದಲೇ ಇದು ಹಳೆಯದು ಎಂದು ಗೊತ್ತಾಗದೆ ಹೋಗುತ್ತದೆ. 'ನಾನೇ ಸರಿಯಿಲ್ಲ, ಒಂದು ತಮಾಷೆ ತಡೆದುಕೊಳ್ಳಲಾಗುವುದಿಲ್ಲ' ಎಂದೇ ಅನ್ನಿಸುತ್ತದೆ. ಸದ್ದು, ವಾಸನೆ, ದನಿಯ ಏರಿಳಿತ ಇವು ಮಿದುಳಿನಲ್ಲಿ ಅಪಾಯ ಸಾರುವ ಅಮಿಗ್ಡಲಾ ಎಂಬ ಭಾಗದ ಗಂಟೆ ಬಾರಿಸುತ್ತವೆ. ಇದು ಯಾವ ಇಸವಿ, ಇದು ಯಾವ ಜಾಗ ಎಂದು ಹೇಳಬೇಕಾದ ಭಾಗಗಳು ಆ ಗದ್ದಲದಲ್ಲಿ ಹಿಂದೆ ಬೀಳುತ್ತವೆ.

ಆಗ ಮೈ ತನಗೆ ಗೊತ್ತಿರುವ ಹಳೆಯ ದಾರಿ ಹಿಡಿಯುತ್ತದೆ. ಕೆಲವರು ಎಲೆ ಬಿಟ್ಟೆದ್ದು ಜಗಳಕ್ಕೆ ನಿಲ್ಲುತ್ತಾರೆ. ಕೆಲವರು ಯಾರೂ ಕೇಳದಿದ್ದರೂ ಎದ್ದು ಪಾತ್ರೆ ತೊಳೆಯಲು, ಮನೆಯೆಲ್ಲ ಗುಡಿಸಲು ಶುರುಮಾಡುತ್ತಾರೆ. ಅದು ಓಟದ ಇನ್ನೊಂದು ರೂಪ. ಕೆಲವರು ಮರಗಟ್ಟಿ ಮೊಬೈಲ್ ನೋಡುತ್ತ ಕೂರುತ್ತಾರೆ. ನಮ್ಮ ಮನೆಗಳಲ್ಲಿ ಹೆಚ್ಚು ಮೆಚ್ಚುಗೆ ಪಡೆಯುವುದು ನಾಲ್ಕನೆಯದು: ಪೆಟ್ಟು ಕೊಟ್ಟವರನ್ನೇ ಓಲೈಸುವುದು. ಚಿಕ್ಕಪ್ಪನ ಜೊತೆ ತಾನೂ ನಕ್ಕು, ಅವರ ಎಲೆಗೇ ಇನ್ನೊಂದು ಒಬ್ಬಟ್ಟು ಬಡಿಸುವುದು. 'ಎಷ್ಟು ಒಳ್ಳೆಯ ಹುಡುಗಿ' ಎನಿಸಿಕೊಂಡವರು ಈ ಗಾಯವನ್ನು ಹತ್ತಾರು ವರ್ಷ ತಡವಾಗಿ ಗುರುತಿಸುವುದು ಇದಕ್ಕೇ.

ಇನ್ನು ಮಾಡುವುದೇನು? ಮೊದಲು ಎದ್ದು ಹೊರಗೆ. 'ಕೈ ತೊಳೆದು ಬರುತ್ತೇನೆ' ಎಂದರೆ ಸಾಕು, ಹಿತ್ತಲಿಗೆ ಹೋಗಲು ನಮ್ಮ ಮನೆಗಳಲ್ಲಿ ನೆಪಕ್ಕೆ ಬರವಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಎರಡೂ ಅಂಗಾಲು ನೆಲಕ್ಕೆ ಒತ್ತಿ. ಕಣ್ಣು ತೆರೆದೇ ಇರಲಿ. ಇವತ್ತಿನ ತಾರೀಖು, ಇಸವಿ, ನಿಮ್ಮ ವಯಸ್ಸು ಇಷ್ಟನ್ನು ಪಿಸುದನಿಯಲ್ಲಾದರೂ ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲೇ ಹೇಳಿಕೊಂಡರೆ ಹಳೆಯ ದನಿಯ ಜೊತೆ ಕಲಸಿಹೋಗುತ್ತದೆ. 'ಇದು ಹಳೆಯ ಭಯ. ಈಗ ಯಾರೂ ಹೊಡೆಯುವುದಿಲ್ಲ. ನಾಲ್ಕೂವರೆಗೆ ನನ್ನ ಬಸ್ಸು.' ಬೀಗದ ಕೈ ಅಂಗೈಯಲ್ಲಿ. ಆಮೇಲೆ ಉಸಿರು: ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಕ್ಕೆ, ಆರರಿಂದ ಎಂಟು ಎಣಿಸುವಷ್ಟು ಹೊರಕ್ಕೆ, ಐದಾರು ನಿಮಿಷ. ಉಸಿರು ಬಿಡುವಾಗ ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಮೂಲಕ ಎದೆಬಡಿತ ಇಳಿಯುತ್ತದೆ, ಎಳೆಯುವಾಗ ಏರುತ್ತದೆ. ಬಿಡುವುದು ಉದ್ದವಿರಬೇಕಾದ್ದು ಅದಕ್ಕೆ.

ಹೆಚ್ಚಿನವರು ಎಡವುವುದು ಇಲ್ಲಿ. 'ದೀರ್ಘವಾಗಿ ಉಸಿರು ತಗೋ' ಎಂದು ಯಾರೋ ಹೇಳಿದ್ದು ನೆನಪಾಗಿ ಜೋರುಜೋರಾಗಿ ಎಳೆಯುತ್ತಾರೆ. ತಲೆ ತಿರುಗಿ ತುಟಿ ಜುಮ್ಮೆನ್ನುತ್ತದೆ, ಭಯ ಇಮ್ಮಡಿಯಾಗುತ್ತದೆ. ಇನ್ನು ಕೆಲವರು ಕಣ್ಣು ಮುಚ್ಚಿ ಧ್ಯಾನಕ್ಕೆ ಕೂರುತ್ತಾರೆ. ಬೇರೆ ದಿನ ಒಳ್ಳೆಯದೇ, ಆದರೆ ಈ ಹೊತ್ತಿನಲ್ಲಿ ಕಣ್ಣು ಮುಚ್ಚಿದರೆ ಒಳಗಿರುವುದು ಬರೀ ಆ ಭಯ, ಹಿಡಿದುಕೊಳ್ಳಲು ಹೊರಗಿನದು ಏನೂ ಇರುವುದಿಲ್ಲ. ಉಸಿರಿನ ಕಡೆ ಗಮನ ಕೊಟ್ಟರೇ ಉಸಿರು ಕಟ್ಟುವವರೂ ಇದ್ದಾರೆ. ಅವರು ಉಸಿರಿನ ಗೊಡವೆ ಬಿಟ್ಟು ಕಣ್ಣು ಕಿವಿ ಬಳಸಲಿ: ಕಾಣುವ ಐದು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು, ಮೂಸಬಹುದಾದ ಎರಡು, ರುಚಿಯ ಒಂದು. ತೆಂಗಿನ ಗರಿ, ಹಂಡೆ, ತಂತಿ ಮೇಲಿನ ಟವೆಲ್ಲು. ಕಿವುಚಿದರೆ ಘಮ್ಮೆನ್ನುವ ನಿಂಬೆ ಎಲೆ ಹಿತ್ತಲಲ್ಲಿದ್ದರೆ ಅದಕ್ಕಿಂತ ಬೇರೆ ಬೇಡ. ತೊಟ್ಟಿಯ ತಣ್ಣೀರನ್ನು ಮುಖಕ್ಕೆ ಅರ್ಧ ನಿಮಿಷ ಹಿಡಿದರೂ ಎದೆಬಡಿತ ಇಳಿಯುತ್ತದೆ, ಹೃದಯದ ತೊಂದರೆ ಇರುವವರು ಮಾತ್ರ ಇದನ್ನು ಮಾಡಬಾರದು.

ಇಷ್ಟೆಲ್ಲ ಮಾಡಿದರೂ ಭಯ ಮಾಯವಾಗುವುದಿಲ್ಲ. ಹತ್ತರಲ್ಲಿ ಒಂಬತ್ತಿದ್ದದ್ದು ಆರಕ್ಕೆ ಬಂದರೆ ಪಂಕ್ತಿಗೆ ವಾಪಸು ಹೋಗಬಹುದು. ಇಲ್ಲದಿದ್ದರೆ ಅಲ್ಲೇ ಇರಬಹುದು. ಹಿತ್ತಲಲ್ಲಿ ಕೂತೇ 'ಇವತ್ತೇ ಎಲ್ಲ ಕೇಳಿಬಿಡುತ್ತೇನೆ' ಎಂಬ ಆವೇಶ ಬರುವುದುಂಟು. ಬೇಡ. ಕೇಳಬೇಕಾದ್ದು ನಿಜವಾಗಿಯೂ ಇರಬಹುದು. ಆದರೆ ಇಪ್ಪತ್ತು ನೆಂಟರ ಎದುರು, ಮೈ ನಡುಗುತ್ತಿರುವಾಗ ಕೇಳಿದ ಪ್ರಶ್ನೆಗೆ ಸಿಗುವ ಉತ್ತರ ಗೊತ್ತಿರುವುದೇ: 'ಹಾಗೆಲ್ಲ ಏನೂ ಆಗಿಲ್ಲ, ನೀನೇ ಕಟ್ಟಿ ಹೇಳುತ್ತೀಯ.' ಆಮೇಲೆ ಆ ಒಂದು ವಾಕ್ಯವನ್ನು ಹೊತ್ತು ಆರು ತಿಂಗಳು ತಿರುಗಬೇಕು. ಹಾಗೆಯೇ 'ಕ್ಷಮಿಸಿಬಿಡು, ವಯಸ್ಸಾದವರು' ಎನ್ನುವ ಅತ್ತೆಯ ಮಾತಿಗೂ ಅಂದೇ ಉತ್ತರ ಕೊಡಬೇಕಿಲ್ಲ. ಕ್ಷಮೆ ಚಿಕಿತ್ಸೆಯ ಕಡ್ಡಾಯ ಮೆಟ್ಟಿಲಲ್ಲ.

ವಾಪಸು ಬಸ್ಸಿನಲ್ಲಿ ಕೂತ ಮೇಲೆ ಇನ್ನೊಂದು ಶುರುವಾಗುತ್ತದೆ. 'ಎದ್ದು ಹೋಗಬಾರದಿತ್ತು. ಅಮ್ಮನ ಮುಖ ಚಿಕ್ಕದಾಯಿತು. ನೀನು ಯಾವಾಗಲೂ ಹೀಗೇ.' ಕಿವಿಗೊಟ್ಟು ಕೇಳಿದರೆ ಇದು ನಿಮ್ಮ ದನಿಯಲ್ಲ. ಪದ, ಏಕವಚನ, ರಾಗ ಎಲ್ಲ ಮನೆಯಿಂದ ಬಂದವು. ಈ ದನಿಯನ್ನು ಒತ್ತಾಯದ ಹೊಗಳಿಕೆಯಿಂದ ಬಾಯಿ ಮುಚ್ಚಿಸಲು ಹೋಗಬಾರದು. 2009ರಲ್ಲಿ ಕೆನಡಾದ ಮನೋವಿಜ್ಞಾನಿ ಜೋಆ್ಯನ್ ವುಡ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮ ಬಗ್ಗೆ ಕೀಳರಿಮೆ ಇದ್ದವರು 'ನಾನು ಪ್ರೀತಿಗೆ ಯೋಗ್ಯ' ಎಂಬಂಥ ಮಾತನ್ನು ಹೇಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ನಂಬಲಾಗದ ಮಾತನ್ನು ಹೇಳಿಕೊಂಡಾಗ ಒಳಗಿನಿಂದ 'ಸುಳ್ಳು' ಎಂದು ಉತ್ತರ ಬರುತ್ತದೆ. ನಂಬಬಹುದಾದಷ್ಟು ಚಿಕ್ಕ ಮಾತು ಸಾಕು: 'ಇವತ್ತು ಕಷ್ಟವಿತ್ತು. ಹೋದೆ. ಕೂತೆ. ಎದ್ದು ಬಂದೆ.' ಪಕ್ಕದ ಸೀಟಿನಲ್ಲಿ ಏಳು ವರ್ಷದ ಮಗುವೊಂದು ಇಷ್ಟೇ ನಡುಗುತ್ತ ಕೂತಿದ್ದರೆ ನೀವು ಏನು ಹೇಳುತ್ತಿದ್ದಿರೋ ಅದೇ ದನಿಯಲ್ಲಿ. ಮೊದಮೊದಲು ನಾಟಕ ಅನ್ನಿಸುತ್ತದೆ, ಕೆಲವರಿಗೆ ಆ ಮಗುವಿನ ಮೇಲೇ ಸಿಟ್ಟು ಬರುತ್ತದೆ. ಸಿಟ್ಟು ಬಂದರೆ ಮಾತು ಬಿಟ್ಟು ಮೈಗೆ ಬೇಕಾದ್ದು ಮಾಡಿ: ಶಾಲು ಹೊದೆಯುವುದು, ನೀರು ಕುಡಿಯುವುದು.

ಬರೆಯುವ ಅಭ್ಯಾಸವಿರುವವರು ಅದೇ ರಾತ್ರಿ ಹತ್ತು ಪುಟ ಬರೆಯಲು ಕೂರುತ್ತಾರೆ. ಬೆಳಗಿನ ಜಾವದವರೆಗೆ ನಿದ್ದೆಯಿಲ್ಲ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್‌ಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬರೆಸಿದ್ದು ದಿನಕ್ಕೆ 15 ನಿಮಿಷ, ನಾಲ್ಕು ದಿನ, ಅಷ್ಟೇ. ಎರಡು ಮೂರು ದಿನ ಕಳೆಯಲಿ, ಹಗಲು ಹೊತ್ತಿನಲ್ಲಿ ಗಡಿಯಾರ ಇಟ್ಟುಕೊಂಡು ಬರೆಯಿರಿ, ಆಮೇಲೆ ಕೂಡಲೇ ಕೈಗೆ ಕೆಲಸವಿರಲಿ, ಅವರೆಕಾಯಿ ಸುಲಿಯುವುದಾದರೂ ಸರಿ.

ಮಾರನೆಯ ದಿನ ಜ್ವರ ಬಿಟ್ಟಂತೆ ಮೈ ಸೋತಿರುತ್ತದೆ. ರಜೆ ಹಾಕಲಾಗುವುದಾದರೆ ಹಬ್ಬದ ಮರುದಿನಕ್ಕೇ ಹಾಕಬೇಕು. ತನ್ನ ಜೊತೆಗಿನ ಸಂಬಂಧ ಕಟ್ಟುವುದು ಎಂದು ದೊಡ್ಡದಾಗಿ ಹೇಳುತ್ತೇವಲ್ಲ, ಅದಕ್ಕೆ ಈ ಖಾಲಿ ದಿನ ಒಳ್ಳೆಯದು. ಬೇರೆಯವರ ಮುಖ ಓದುತ್ತಲೇ ಬೆಳೆದವರಿಗೆ 'ನಿನಗೇನು ಬೇಕು' ಎಂದರೆ ತಲೆ ಖಾಲಿಯಾಗುತ್ತದೆ. ಹಾಗಾಗಿ ಚಿಕ್ಕದರಿಂದ ಶುರು. ಕಾಫಿಯೋ ಟೀಯೋ? ಸಕ್ಕರೆ ಎಷ್ಟು? ಫ್ಯಾನು ಬೇಕೋ ಬೇಡವೋ? ಉತ್ತರ ಬರುವವರೆಗೆ ಅರ್ಧ ನಿಮಿಷ ಕಾಯುವುದು, ಬಂದ ಉತ್ತರದಂತೆ ಮಾಡುವುದು. ದಿನಕ್ಕೆ ತನಗೆ ತಾನೇ ಒಂದೇ ಮಾತು ಕೊಡುವುದು, ಉಳಿಸಿಕೊಳ್ಳುವಷ್ಟು ಚಿಕ್ಕದು: ರಾತ್ರಿ ಹತ್ತಕ್ಕೆ ಮೊಬೈಲ್ ಇನ್ನೊಂದು ಕೋಣೆಯಲ್ಲಿ. ನಾಳೆಯಿಂದ ಐದಕ್ಕೆದ್ದು ಯೋಗ, ವಾಕಿಂಗ್, ಡೈರಿ ಎಂದು ಪಟ್ಟಿ ಮಾಡಿದವರು ನಾಲ್ಕನೆಯ ದಿನ ತಪ್ಪುತ್ತಾರೆ, ತಪ್ಪಿದ್ದಕ್ಕೆ ಮನೆಯ ಹಳೆಯ ದನಿಯಲ್ಲೇ ತಮ್ಮನ್ನು ಬೈದುಕೊಳ್ಳುತ್ತಾರೆ.

ಇವೆಲ್ಲ ಒಬ್ಬರೇ ಮಾಡಬಹುದಾದ ಕೆಲಸ. ನೆನಪುಗಳನ್ನು ಬಿಚ್ಚುವ ಕೆಲಸ ಒಬ್ಬರೇ ಮಾಡುವಂಥದ್ದಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ, ಕೇಳುವುದು ಅಮರ್ಯಾದೆಯಲ್ಲ. ಮೊದಲ ಭೇಟಿಯಲ್ಲೇ ಎಲ್ಲವನ್ನೂ ಹೇಳಿಸಲು ಹೊರಟವರು, 'ತಂದೆತಾಯಿ ಅಲ್ಲವೇ' ಎಂದು ಶುರುಮಾಡುವವರು ಸಿಕ್ಕರೆ ಬೇರೆಯವರನ್ನು ಹುಡುಕಬೇಕು. ಮೊದಲ ಕೆಲವು ಭೇಟಿ ಹಿತ್ತಲಿನ ಆ ಐದು ನಿಮಿಷದಂಥ ಕೌಶಲಗಳಿಗೇ ಹೋಗುವುದು ಸರಿಯಾದ ಲಕ್ಷಣ. ಸಾಯಬೇಕೆನ್ನಿಸಿದರೆ, ಕೈ ಕೊಯ್ದುಕೊಳ್ಳಬೇಕೆನ್ನಿಸಿದರೆ ಮುಂದಿನ ಭೇಟಿಗೆ ಕಾಯಬೇಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ದಿನದ ಯಾವ ಹೊತ್ತಿನಲ್ಲೂ ಉಚಿತ, ಕನ್ನಡದಲ್ಲಿ ಮಾತಾಡಬಹುದು.

ಒಂದು ಲೆಕ್ಕ ಮಾತ್ರ ಇಟ್ಟುಕೊಳ್ಳಿ. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ, ಭಯ ಬಂದದ್ದು ಎಷ್ಟು ಹೊತ್ತಿಗೆ, ಇಳಿದದ್ದು ಎಷ್ಟು ಹೊತ್ತಿಗೆ. ಭಯ ಬಂತೋ ಇಲ್ಲವೋ ಎಂದು ನೋಡಿದರೆ ಪ್ರತಿ ಹಬ್ಬಕ್ಕೂ ಸೋತಂತೆಯೇ ಕಾಣುತ್ತದೆ, ಏಕೆಂದರೆ ಅದು ಬರುತ್ತದೆ. ಹಿಂದಿನ ಗೌರಿಗೆ ಮೂರು ದಿನ ಹಿಡಿದದ್ದು ಈ ಗೌರಿಗೆ ಒಂದು ಸಂಜೆಯಾಗಿರಬಹುದು, ಸಂಕ್ರಾಂತಿಗೆ ಮತ್ತೆ ಎರಡು ದಿನವೂ ಆಗಬಹುದು. ಬರೆದಿಡಿ. ದೀಪಾವಳಿಗೆ ಇನ್ನು ಎರಡು ತಿಂಗಳಿದೆ. ಹೋಗುವುದೋ ಬೇಡವೋ ಎಂದು ಈಗಲೇ ತೀರ್ಮಾನಿಸಬೇಕಿಲ್ಲ.