ಪೆನ್ಸಿಲ್ ಗೆರೆಯ ಆಚೆ ದಡ

ಇಂಗ್ಲೆಂಡಿನಲ್ಲಿರುವ ಅಣ್ಣನ ಮಗ ಬರುವ ತಿಂಗಳು ನಾಲ್ಕು ಸೀಟಿನ ಪುಟ್ಟ ವಿಮಾನ ಸೆಸ್ನಾ 172ರಲ್ಲಿ ಫ್ರಾನ್ಸಿಗೆ ಹೊರಟಿದ್ದಾನೆ. ನಿನ್ನೆ ವಿಡಿಯೋ ಕಾಲ್‌ನಲ್ಲಿ ನಕ್ಷೆ ತೋರಿಸಿದ. ಇಂಗ್ಲೆಂಡಿನ ದಡದ ಡೋವರಿನಿಂದ ಫ್ರಾನ್ಸಿನ ದಡದ ಕಲೈಗೆ ಒಂದು ಪೆನ್ಸಿಲ್ ಗೆರೆ, ಪಕ್ಕದಲ್ಲಿ ಎರಡು ಸಲ ಅಳಿಸಿ ಬರೆದ ಇಂಧನದ ಲೆಕ್ಕ. ನೀರಿನ ಮೇಲೆ ಸುಮಾರು 35 ಕಿ.ಮೀ. ಅಷ್ಟೇ. ಆದರೂ ಹೊರಡುವ 2 ಗಂಟೆ ಮೊದಲೇ ಯಾರ್ಯಾರು ಬರುತ್ತಾರೆ ಅಂತ ಗಡಿ ಇಲಾಖೆಗೆ ತಿಳಿಸಬೇಕು. ಫ್ಲೈಟ್ ಪ್ಲಾನ್ ಕೊಡಬೇಕು. ಆಚೆ ಕಸ್ಟಮ್ಸ್ ಇರುವಲ್ಲೇ ಇಳಿಯಬೇಕು. 1909ರಲ್ಲಿ ಫ್ರಾನ್ಸಿನ ವಿಮಾನ ಚಾಲಕ ಬ್ಲೇರಿಯೋ ಇದೇ ಕಡಲನ್ನು ವಿಮಾನದಲ್ಲಿ ದಾಟಿದಾಗ ಕೈಯಲ್ಲಿ ದಿಕ್ಸೂಚಿಯೂ ಇರಲಿಲ್ಲ!

ನನಗೆ ಲೈಫ್ ಜಾಕೆಟ್‌ನದ್ದೇ ಚಿಂತೆ ಜಾಸ್ತಿ. "ಹತ್ತುವಾಗಲೇ ಹಾಕಿಕೊಳ್ಳುತ್ತೇನೆ ಚಿಕ್ಕಪ್ಪ" ಅಂದ.

ಇವತ್ತು ಕಾರವಾರದ ಬೈತಖೋಲ ಬಂದರಿನಲ್ಲಿ ಸಮುದ್ರ ಶಾಂತವಾಗಿತ್ತು. ಆದರೂ ಒಬ್ಬ ತಾಂಡೇಲ, ಅಂದರೆ ದೋಣಿ ನಡೆಸುವವ, ಹಗ್ಗ ಬಿಚ್ಚುವ ಮೊದಲು ತುಂಬಾ ಹೊತ್ತು ಮೋಡ ನೋಡುತ್ತಾ ನಿಂತ. ಅಲ್ಲಿಂದಲೇ ಹುಡುಗನಿಗೆ ಮೆಸೇಜ್ ಹಾಕಿದೆ: ಮೋಡ ಸರಿ ಕಾಣದಿದ್ದರೆ ಒಂದು ದಿನ ತಡೆದು ಹೋಗು, ಮಗಾ.