ಟ್ಯೂರಿನ್ ಪೇಟೆಬೀದಿಯ ಕೈಸಾಲೆ

ಕಳೆದ ನವೆಂಬರ್ ತಿಂಗಳಿನಲ್ಲಿ ನಾನೂ ನನ್ನ ಹೆಂಡತಿಯೂ, ಮಗಳು ಓದುತ್ತಿರುವ ಇಟಲಿಯ ಟ್ಯೂರಿನ್ ನಗರದಲ್ಲಿ ಎರಡು ವಾರ ಇದ್ದೆವು. ಹೋದ ಮಾರನೆಯ ದಿನವೇ ಜಿಟಿಜಿಟಿ ಮಳೆ ಹಿಡಿಯಿತು. ಚಿಕ್ಕಬಳ್ಳಾಪುರದಿಂದ ಕೊಂಡೊಯ್ದಿದ್ದ ಛತ್ರಿಯನ್ನು ಕೈಗೆತ್ತಿಕೊಂಡಾಗ ಮಗಳು, "ಪೇಟೆಗೆ ಹೋಗೋಕೆ ಛತ್ರಿ ಬೇಡ ಅಪ್ಪ, ಹಾಗೇ ಬನ್ನಿ" ಎಂದಳು. ಪೋರ್ಟಾ ನುವೋವಾ ರೈಲು ನಿಲ್ದಾಣದ ಎದುರಿನ ಉದ್ಯಾನವನ್ನು ಬಳಸಿಕೊಂಡು ವಿಯಾ ರೋಮಾ ಎಂಬ ಬೀದಿಗೆ ಕಾಲಿಟ್ಟ ನಾವು, ಅದರ ಇನ್ನೊಂದು ತುದಿಯ ಪಿಯಾತ್ಸಾ ಕಾಸ್ತೆಲ್ಲೊ ಎಂಬ ಚೌಕವನ್ನು ಮುಟ್ಟುವ ಹೊತ್ತಿಗೆ, ಅಡ್ಡಬೀದಿಗಳನ್ನು ದಾಟುವಾಗ ತಲೆಗೆ ಬಿದ್ದ ನಾಲ್ಕು ಹನಿಗಳನ್ನು ಬಿಟ್ಟರೆ ಒಣಗಿದ ಬಟ್ಟೆಯಲ್ಲಿಯೇ ಇದ್ದೆವು.

ಮೂವತ್ತು ವರ್ಷಗಳಿಂದ ನಾನು ನಮ್ಮ ಊರಿನಲ್ಲಿ ಮನೆಗಳ ಮತ್ತು ಅಂಗಡಿಗಳ ನಕ್ಷೆ ಬರೆಯುವ ಕೆಲಸ ಮಾಡುತ್ತಿದ್ದೇನೆ. ಹಾಗಾಗಿ ಗಾಜಿನ ಹಿಂದೆ ಜೋಡಿಸಿಟ್ಟ ದುಬಾರಿ ಕೈಚೀಲಗಳಿಗಿಂತ ತಲೆಯ ಮೇಲಿನ ಸೂರು ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿತು. ಬೀದಿಯ ಎರಡೂ ಬದಿಯ ಕಟ್ಟಡಗಳಲ್ಲಿ ನೆಲ ಅಂತಸ್ತಿನ ಅಂಗಡಿಗಳು ಹಿಂದಕ್ಕೆ ಸರಿದಿವೆ, ಮೇಲಿನ ಅಂತಸ್ತುಗಳು ಕಂಬಗಳ ಮೇಲೆ ಮುಂದಕ್ಕೆ ಬಂದು ನಿಂತಿವೆ. ನಡುವಿನ ಜಾಗ ನಡೆಯುವವರಿಗೆ. ಇಟಲಿಯವರು ಇದನ್ನು ಪೋರ್ತಿಕೊ ಎನ್ನುತ್ತಾರೆ. ನನಗೆ ಬಾಯಿಗೆ ಬಂದ ಮಾತು ಕೈಸಾಲೆ. ನಂದಿಯ ಭೋಗನಂದೀಶ್ವರ ದೇವಸ್ಥಾನದ ಪ್ರಾಕಾರದ ಗೋಡೆಗುಂಟ ಕಲ್ಲುಕಂಬಗಳು ಸಾಲಾಗಿ ನಿಂತಿರುವ ಆ ನೆರಳಿನ ಹಾದಿಯಲ್ಲಿ ಚಿಕ್ಕಂದಿನಿಂದ ಓಡಾಡಿದವನಿಗೆ, ಬಿಸಿಲು ಮಳೆಗಳೆರಡನ್ನೂ ತಡೆದು, ನಡಿಗೆಯನ್ನು ಮಾತ್ರ ತಡೆಯದ ಕಟ್ಟಡದ ಭಾಗವೊಂದಕ್ಕೆ ಬೇರೆ ಹೆಸರು ಹೊಳೆಯುವುದು ಕಷ್ಟ. ಆದರೆ ನಮ್ಮಲ್ಲಿ ಕೈಸಾಲೆ ದೇವಸ್ಥಾನದ ಒಳಗಿದೆ, ಅಲ್ಲಿ ಅದು ಪೇಟೆಯಲ್ಲಿದೆ. ಟ್ಯೂರಿನ್ ನಗರದಲ್ಲಿ ಒಟ್ಟು ಸುಮಾರು 18 ಕಿಲೋಮೀಟರ್ ಉದ್ದದ ಇಂತಹ ಕೈಸಾಲೆಗಳಿವೆ, ಅದರಲ್ಲಿ ಹನ್ನೆರಡಕ್ಕೂ ಹೆಚ್ಚು ಕಿಲೋಮೀಟರ್ ಒಂದಕ್ಕೊಂದು ಕೂಡಿಕೊಂಡಿದೆ.

ವಿಯಾ ರೋಮಾ ಹುಟ್ಟಿದ್ದು ಅಂಗಡಿಗಳಿಗಾಗಿ ಅಲ್ಲ. ಆಲ್ಪ್ಸ್ ಪರ್ವತಗಳ ಎರಡೂ ಮಗ್ಗುಲಿನಲ್ಲಿ ರಾಜ್ಯವಿದ್ದ ಸವಾಯ್ ವಂಶದ ದೊರೆ ಎಮಾನ್ವೆಲೆ ಫಿಲಿಬೆರ್ತೊ 1563ರಲ್ಲಿ ತನ್ನ ರಾಜಧಾನಿಯನ್ನು ಶಾಂಬೆರಿಯಿಂದ ಟ್ಯೂರಿನ್‌ಗೆ ತಂದನು. ರೋಮನ್ನರ ಕಾಲದಿಂದಲೂ ಚೌಕುಳಿಯಂತೆ ಗೆರೆ ಎಳೆದ ಬೀದಿಗಳ ಆ ಊರು ರಾಜಧಾನಿಗೆ ಸಾಲುವಷ್ಟು ದೊಡ್ಡದಾಗಿರಲಿಲ್ಲ. ಅವನ ಮಗ ಮೊದಲನೆಯ ಕಾರ್ಲೊ ಎಮಾನ್ವೆಲೆಯ ಕಾಲದಲ್ಲಿ ಊರನ್ನು ದಕ್ಷಿಣಕ್ಕೆ ಬೆಳೆಸುವ ಯೋಜನೆ ಸಿದ್ಧವಾಯಿತು. 17ನೇ ಶತಮಾನದ ಆರಂಭದಲ್ಲಿ ವಾಸ್ತುಶಿಲ್ಪಿ ಅಸ್ಕಾನಿಯೊ ವಿತೊತ್ಸಿ ಅರಮನೆಯ ಚೌಕವಾದ ಪಿಯಾತ್ಸಾ ಕಾಸ್ತೆಲ್ಲೊದಿಂದ ದಕ್ಷಿಣಕ್ಕೆ ನೇರವಾಗಿ ಎಳೆದ ಗೆರೆಯೇ ಈ ಬೀದಿ. ಆಗ ಅದರ ಹೆಸರು ಕಾಂತ್ರಾದಾ ನುವೋವಾ, ಅಂದರೆ ಹೊಸಬೀದಿ. ನಮ್ಮಲ್ಲಿಯೂ ನೂರಾರು ವರ್ಷ ಹಳೆಯದಾದ ಮೇಲೂ ಹೊಸಪೇಟೆ ಎಂದೇ ಉಳಿದುಬಿಟ್ಟ ಊರುಗಳಿವೆ, ಆದರೆ ಈ ಬೀದಿಗೆ ಮುಂದೆ ರೋಮ್ ನಗರದ ಹೆಸರು ಬಂತು.

ಬೀದಿಯ ನಡುಮಧ್ಯದಲ್ಲಿ ಪಿಯಾತ್ಸಾ ಸಾನ್ ಕಾರ್ಲೊ ಎಂಬ ದೊಡ್ಡ ಆಯತಾಕಾರದ ಚೌಕವಿದೆ. ಅದು ಅದೇ ಶತಮಾನದಲ್ಲಿ ಕಾರ್ಲೊ ದಿ ಕಾಸ್ತೆಲ್ಲಮೊಂತೆ ರೂಪಿಸಿದ್ದು. ಎರಡು ಉದ್ದ ಬದಿಗಳಲ್ಲಿ ಕನ್ನಡಿಯಲ್ಲಿ ಕಂಡಂತೆ ಒಂದೇ ಮುಖದ ಅರಮನೆಗಳು, ಅವುಗಳ ಕೆಳಗೆ ಕೈಸಾಲೆ. ದಕ್ಷಿಣದ ತುದಿಯಲ್ಲಿ ಬೀದಿಯ ಬಾಯಿಗೆ ದ್ವಾರಪಾಲಕರಂತೆ ಸಾಂತಾ ಕ್ರಿಸ್ತಿನಾ ಮತ್ತು ಸಾನ್ ಕಾರ್ಲೊ ಎಂಬ ಎರಡು ಚರ್ಚುಗಳು. ನೋಡಿದ ಕೂಡಲೇ ಅವಳಿ ಎನಿಸುತ್ತವೆ, ಹತ್ತು ನಿಮಿಷ ನಿಂತು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಸಾಂತಾ ಕ್ರಿಸ್ತಿನಾದ ಮುಂಭಾಗವನ್ನು ಫಿಲಿಪ್ಪೊ ಯುವಾರ್ರಾ 18ನೇ ಶತಮಾನದ ಆರಂಭದಲ್ಲಿ ಮಾಡಿದನು, ಸಾನ್ ಕಾರ್ಲೊ ಚರ್ಚಿನ ಮುಂಭಾಗ ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ತಡವಾಗಿ ಬಂತು. ತನಗಿಂತ ಮೊದಲೇ ನಿಂತಿದ್ದ ಕಟ್ಟಡಕ್ಕೆ ಜೊತೆಯಾಗಬೇಕೆಂದು ಹೊಸಬನೊಬ್ಬ ತನ್ನ ಕೈಯನ್ನು ಬಿಗಿಹಿಡಿದು ಕೆಲಸ ಮಾಡಿದ್ದನ್ನು ಕಂಡು ನನಗೆ ಗೌರವ ಹುಟ್ಟಿತು. ಚೌಕದ ನಡುವೆ ಕುದುರೆಯ ಮೇಲೆ ಕುಳಿತು ಕತ್ತಿಯನ್ನು ಒರೆಗೆ ಸೇರಿಸುತ್ತಿರುವವನು ರಾಜಧಾನಿಯನ್ನು ತಂದ ಅದೇ ಎಮಾನ್ವೆಲೆ ಫಿಲಿಬೆರ್ತೊ. ಕಾರ್ಲೊ ಮಾರೊಕೆತ್ತಿ ಎರಕ ಹೊಯ್ಯಿಸಿದ ಈ ಕಂಚಿನ ಪ್ರತಿಮೆ 1838ರಿಂದ ಅಲ್ಲಿದೆ. ಯುದ್ಧ ಮುಗಿಸಿದ ದೊರೆಯನ್ನು ಪೇಟೆಯ ನಡುವೆ ನಿಲ್ಲಿಸಿದ್ದು ಸರಿಯಾದ ಆಯ್ಕೆ.

1861ರಿಂದ 1865ರವರೆಗೆ ಟ್ಯೂರಿನ್ ಇಡೀ ಇಟಲಿಯ ರಾಜಧಾನಿಯಾಗಿತ್ತು. ರಾಜಧಾನಿ ಫ್ಲಾರೆನ್ಸ್‌ಗೆ ಹೋಗುತ್ತದೆಂಬ ಸುದ್ದಿ ಹರಡಿದಾಗ, 1864ರ ಸೆಪ್ಟೆಂಬರ್‌ನಲ್ಲಿ ಈ ಬೀದಿಯ ಎರಡು ಚೌಕಗಳಲ್ಲಿ ಸೇರಿದ ಜನರ ಮೇಲೆ ಗುಂಡು ಹಾರಿಸಲಾಯಿತು, ಹಲವಾರು ಜನ ಸತ್ತರು. ಇಂದು ಕಾಫಿ ಮೇಜುಗಳನ್ನು ಹಾಕಿರುವ ಕಲ್ಲುಹಾಸಿನ ಮೇಲೆಯೇ ಅದು ನಡೆದದ್ದು. ಕಾಫಿಯ ಮಾತು ಬಂದದ್ದರಿಂದ ಹೇಳುತ್ತೇನೆ, ಚೌಕದ ಕೈಸಾಲೆಯಲ್ಲಿರುವ ಕಾಫೆ ಸಾನ್ ಕಾರ್ಲೊ 1822ರಲ್ಲಿ ಆರಂಭವಾದದ್ದು. ಅಲ್ಲಿ ಕುಳಿತು ಕುಡಿದರೆ ಒಂದು ದರ, ನಿಂತು ಕುಡಿದರೆ ಇನ್ನೊಂದು. ನಾವು ನಿಂತು ಕುಡಿದೆವು.

ಇಷ್ಟು ಕೇಳಿದವರು, ವಿಯಾ ರೋಮಾದ ಉದ್ದಕ್ಕೂ ಇರುವ ಕೈಸಾಲೆ ನಾನೂರು ವರ್ಷ ಹಳೆಯದೆಂದು ಭಾವಿಸಿದರೆ ತಪ್ಪೇನಿಲ್ಲ, ನಾನೂ ಮೊದಲ ದಿನ ಹಾಗೆಯೇ ತಿಳಿದಿದ್ದೆ. ಚೌಕದ ಕೈಸಾಲೆ ಮಾತ್ರ ಹಳೆಯದು. ಬೀದಿಯ ಕೈಸಾಲೆಗೆ ಇನ್ನೂ ನೂರು ವರ್ಷ ತುಂಬಿಲ್ಲ. ಹಳೆಯ ವಿಯಾ ರೋಮಾ ಇಕ್ಕಟ್ಟಾದ ಬೀದಿಯಾಗಿತ್ತು, ಕಾಲುದಾರಿಗೆ ಸೂರು ಇರಲಿಲ್ಲ. ಫ್ಯಾಸಿಸ್ಟ್ ಆಡಳಿತದ ಕಾಲದಲ್ಲಿ, 1931ರಿಂದ 1937ರ ನಡುವೆ, ಬೀದಿಯ ಎರಡೂ ಬದಿಯ ಮನೆಸಾಲುಗಳನ್ನು ಬುಡಸಮೇತ ಕೆಡವಿ, ಬೀದಿಯನ್ನು ಅಗಲಿಸಿ, ಹೊಸದಾಗಿ ಕಟ್ಟಿದರು. ಈ ಸಂಗತಿ ತಿಳಿದ ಮೇಲೆ ನಾನು ಆ ಬೀದಿಯನ್ನು ಮತ್ತೆ ಮೊದಲಿನಿಂದ ನೋಡಬೇಕಾಯಿತು.

ಪುನರ್ನಿರ್ಮಾಣ ಎರಡು ಹಂತಗಳಲ್ಲಿ ನಡೆಯಿತು, ಮತ್ತು ಆ ಎರಡು ಹಂತಗಳು ಒಂದೇ ಬೀದಿಯಲ್ಲಿ ಎರಡು ಬೇರೆ ಬೇರೆ ಮನಸ್ಸುಗಳಂತೆ ಕಾಣುತ್ತವೆ. ಪಿಯಾತ್ಸಾ ಕಾಸ್ತೆಲ್ಲೊದಿಂದ ಸಾನ್ ಕಾರ್ಲೊ ಚೌಕದವರೆಗಿನ ಮೊದಲ ಭಾಗವನ್ನು 1931ರಿಂದ 1933ರವರೆಗೆ, ಚೌಕದ ಹಳೆಯ ಬರೋಕ್ ಶೈಲಿಗೆ ಹೊಂದುವಂತೆ ಕಮಾನು, ಬಾಲ್ಕನಿ, ಕಿಟಕಿಯ ಮೇಲಿನ ಅಲಂಕಾರಗಳೊಂದಿಗೆ ಕಟ್ಟಿದರು. ಚೌಕದಿಂದ ರೈಲು ನಿಲ್ದಾಣದ ಕಡೆಗಿನ ಎರಡನೆಯ ಭಾಗ 1935ರಿಂದ 1937ರಲ್ಲಿ, ಆ ಕಾಲದ ಪ್ರಭಾವಿ ವಾಸ್ತುಶಿಲ್ಪಿ ಮಾರ್ಚೆಲ್ಲೊ ಪಿಯಾಚೆಂತಿನಿಯ ನಿರ್ದೇಶನದಲ್ಲಿ ಎದ್ದಿತು. ಇಲ್ಲಿ ಕಮಾನಿಲ್ಲ, ಬಳ್ಳಿ ಹೂಗಳಿಲ್ಲ. ಸಪಾಟಾದ ಕಲ್ಲಿನ ಮುಖ, ನೇರ ಗೆರೆಗಳು, ಎರಡೆರಡಾಗಿ ನಿಂತ ಕಂಬಗಳು, ಅವುಗಳ ಮೇಲೆ ಅಡ್ಡವಾಗಿ ನೇರ ತೊಲೆ.

ಆ ಜೋಡಿಕಂಬಗಳ ಬಳಿ ನಾನು ಕಳೆದಷ್ಟು ಹೊತ್ತನ್ನು ಯಾವ ಅಂಗಡಿಯಲ್ಲಿಯೂ ಕಳೆಯಲಿಲ್ಲ. ಒಂದೊಂದು ಕಂಬವೂ ಏಕಶಿಲೆ. ಬುಡದಿಂದ ತುದಿಯವರೆಗೆ ಬೆರಳಾಡಿಸಿ ನೋಡಿದೆ, ಎಲ್ಲಿಯೂ ಕೂಡು ಸಿಗಲಿಲ್ಲ. ಕಲ್ಲುಕುಟಿಗರ ಊರುಗಳ ನಡುವೆ ಬೆಳೆದವನಿಗೆ ಅಷ್ಟುದ್ದದ ಒಂದೇ ಕಲ್ಲನ್ನು ಬಂಡೆಯಿಂದ ಬಿರುಕಿಲ್ಲದೆ ಎಬ್ಬಿಸುವುದು, ಸಾಗಿಸುವುದು, ತೂಕಕ್ಕೆ ತಪ್ಪದಂತೆ ನಿಲ್ಲಿಸುವುದು ಏನೆಂದು ಗೊತ್ತು. ಆಳೆತ್ತರದವರೆಗೆ ಜನರ ಕೈ ಮತ್ತು ಭುಜ ತಾಗಿ ತಾಗಿ ಕಲ್ಲು ನುಣುಪಾಗಿ ಹೊಳೆಯುತ್ತಿತ್ತು, ಅದರ ಮೇಲೆ ಮಂಕಾಗಿತ್ತು. ನನ್ನ ಹೆಂಡತಿ ಚೀಲವನ್ನು ಕೆಳಗಿಟ್ಟು ಒಂದು ಕಂಬಕ್ಕೆ ಒರಗಿ, "ನಮ್ಮ ಅಜ್ಜಿ ಮನೆ ಜಗಲಿ ಕಂಬದ ಹಾಗೇ ತಣ್ಣಗಿದೆ" ಎಂದಳು.

ನನ್ನ ಅಭಿಪ್ರಾಯ ಕೇಳಿದರೆ ಎರಡನೆಯ ಭಾಗವೇ ಹೆಚ್ಚು ಪ್ರಾಮಾಣಿಕವಾದದ್ದು. ಮೊದಲ ಭಾಗ ಕಣ್ಣಿಗೆ ಹಿತ, ಆದರೆ ಅದು ತಾನು ಕೆಡವಿದ ಹಳತಿನ ವೇಷವನ್ನೇ ಹಾಕಿಕೊಂಡಿದೆ. ಎರಡನೆಯದು ತನ್ನ ಕಾಲವನ್ನು ಮುಚ್ಚಿಡುವುದಿಲ್ಲ. ಆ ಕಾಲ ಒಳ್ಳೆಯದಾಗಿರಲಿಲ್ಲ ಎಂಬುದೂ ನಿಜ. ಅವಳಿ ಚರ್ಚುಗಳ ಹಿಂದಿನ ಸಣ್ಣ ಚೌಕದಲ್ಲಿ ಪೊ ಮತ್ತು ದೋರಾ ಎಂಬ ಎರಡು ನದಿಗಳನ್ನು ಗಂಡು ಹೆಣ್ಣುಗಳಾಗಿ ಕಡೆದ ಉಂಬೆರ್ತೊ ಬಾಲ್ಯೋನಿಯ ಕಾರಂಜಿಗಳಿವೆ. ಮಕ್ಕಳು ಅವುಗಳ ಸುತ್ತ ಆಡುತ್ತಿದ್ದರು. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅದೇ ಚೌಕದ ಹೋಟೆಲೊಂದು ಜರ್ಮನ್ ರಹಸ್ಯ ಪೊಲೀಸರ ಠಾಣೆಯಾಗಿತ್ತು. ಯುದ್ಧದ ನಂತರ ಚೌಕಕ್ಕೆ, ಜರ್ಮನ್ನರ ಮತ್ತು ಫ್ಯಾಸಿಸ್ಟರ ವಿರುದ್ಧ ಹೋರಾಡಿದ ಇಟಲಿಯ ರಾಷ್ಟ್ರೀಯ ವಿಮೋಚನಾ ಸಮಿತಿಯ ಹೆಸರನ್ನಿಟ್ಟರು. ಇನ್ನೊಂದು ಸಂಗತಿ ನನ್ನಂಥವರಿಗೆ ಕುತೂಹಲದ್ದು. ಬೀದಿಯನ್ನು ಅಗೆದಿದ್ದ ಆ ದಿನಗಳಲ್ಲಿಯೇ ಮುಂದೆ ಮೆಟ್ರೊ ಓಡಲೆಂದು ಕೆಳಗೆ ಸುರಂಗವನ್ನೂ ಕಟ್ಟಿದ್ದರು. ಆ ಮೆಟ್ರೊ ಬರಲಿಲ್ಲ, ಸುರಂಗ ವಾಹನ ನಿಲುಗಡೆಗೆ ಬಂತು.

ಈ ಬೀದಿಯನ್ನು ಹೊಗಳುವಾಗ ಅಲ್ಲಿಂದ ಎದ್ದುಹೋದವರನ್ನು ಮರೆಯಬಾರದೆಂದು ನನಗೆ ಅನ್ನಿಸುತ್ತದೆ. ಕೆಡವಿದ ಮನೆಗಳಲ್ಲಿ ಬಾಡಿಗೆಗಿದ್ದವರು, ಸಣ್ಣ ಕಸುಬಿನವರು, ಹೊಸ ಕಟ್ಟಡದ ಬೆಲೆಗೆ ಮರಳಿ ಬರಲಾಗದವರು. ನಮ್ಮ ಜಿಲ್ಲೆಯ ಊರೊಂದರಲ್ಲಿ ರಸ್ತೆ ಅಗಲವಾದಾಗ ನನ್ನ ಸೋದರಮಾವನ ಅಂಗಡಿಯ ಮುಂಭಾಗ ಹನ್ನೆರಡು ಅಡಿ ಹೋಯಿತು. ಉಳಿದ ಅರೆಗೋಡೆಗೆ ಷಟರ್ ಹಾಕಿ ಅವರು ಇಂದಿಗೂ ವ್ಯಾಪಾರ ಮಾಡುತ್ತಿದ್ದಾರೆ. ಕತ್ತರಿಸಿದ ಮೊದಲ ಅಂತಸ್ತಿನ ನೀಲಿ ಬಣ್ಣದ ಒಳಗೋಡೆಯೂ ದೇವರ ಗೂಡೂ ಬೀದಿಗೆ ಕಾಣುತ್ತವೆ. ಅಗಲವಾದ ಜಾಗವೆಲ್ಲ ವಾಹನಗಳಿಗೆ ಹೋಯಿತು. ಹೂವಿನ ಬುಟ್ಟಿ ಹೊತ್ತು ಬರುವ ಹೆಂಗಸರು ಮೊದಲು ಜಗಲಿಗಳ ನೆರಳಿನಲ್ಲಿ ನಡೆಯುತ್ತಿದ್ದವರು ಈಗ ಚರಂಡಿಯ ಚಪ್ಪಡಿಯ ಮೇಲೆ ಬಿಸಿಲಿನಲ್ಲಿ ನಡೆಯುತ್ತಾರೆ. ಟ್ಯೂರಿನ್‌ನಲ್ಲಿಯೂ ಕೆಡವಿದರು, ನೋವು ಅಲ್ಲಿಯೂ ಆಗಿರಲೇಬೇಕು, ಆದರೆ ಕೆಡವಿದ ಮೇಲೆ ನಡೆಯುವವನ ಪಾಲನ್ನು ಮೊದಲು ಅಳೆದು ತೆಗೆದಿಟ್ಟರು.

ಕೈಸಾಲೆಯ ಗುಣವೆಲ್ಲ ಅದರ ಅಖಂಡತೆಯಲ್ಲಿದೆ. ಇದನ್ನು ನಾನು ಕಲಿತದ್ದು ವಿಯಾ ರೋಮಾದಲ್ಲಲ್ಲ, ಪಿಯಾತ್ಸಾ ಕಾಸ್ತೆಲ್ಲೊದಿಂದ ನದಿಯ ಕಡೆಗೆ ಇಳಿಯುವ ವಿಯಾ ಪೊ ಎಂಬ ಬೀದಿಯಲ್ಲಿ. ಅದು 17ನೇ ಶತಮಾನದ್ದು, ಸಾನ್ ಕಾರ್ಲೊ ಚೌಕವನ್ನು ರೂಪಿಸಿದ ಕಾರ್ಲೊನ ಮಗ ಅಮೆದೆಯೊ ದಿ ಕಾಸ್ತೆಲ್ಲಮೊಂತೆಯ ಕೆಲಸ. ಅಲ್ಲಿ ಎಡಬದಿಯ ಕೈಸಾಲೆ ಅಡ್ಡಬೀದಿಗಳ ಮೇಲೂ ಸೂರಾಗಿ ಮುಂದುವರಿಯುತ್ತದೆ. ದೊರೆ ಅರಮನೆಯಿಂದ ಹೊಳೆಯವರೆಗೆ ನೆನೆಯದೆ ನಡೆಯಲೆಂದು ಹಾಗೆ ಮಾಡಿದರೆಂದು ಊರಿನವರು ಹೇಳುತ್ತಾರೆ. ದೊರೆಯ ನಂತರ ಆ ಸೂರಿನ ಕೆಳಗೆ ಎಲ್ಲರೂ ನಡೆದರು. ನಾವು ಹೋದಾಗ ಅಲ್ಲಿ ಹಳೆಯ ಪುಸ್ತಕ ಮಾರುವವರು ಕಂಬಗಳ ನಡುವೆ ಮೇಜು ಹಾಕಿಕೊಂಡು ಮಳೆಯ ಚಿಂತೆಯಿಲ್ಲದೆ ಕುಳಿತಿದ್ದರು.

ಊರಿಗೆ ಮರಳಿದ ಮೇಲೆ ಬಜಾರಿನಲ್ಲಿ ಮೂರು ಅಂತಸ್ತಿನ ಮಳಿಗೆ ಕಟ್ಟುವವರೊಬ್ಬರ ನಕ್ಷೆ ಕೈಗೆ ಬಂತು. ನೆಲ ಅಂತಸ್ತನ್ನು ಏಳು ಅಡಿ ಹಿಂದಕ್ಕೆ ಸರಿಸಿ, ಮುಂದೆ ನಾಲ್ಕು ಕಲ್ಲುಕಂಬ ನಿಲ್ಲಿಸಿ ಒಂದು ಕರಡು ಬರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ ಸಾರ್, ಆದರೆ ಈ ಏಳಡಿಗೆ ಬಾಡಿಗೆ ಯಾರು ಕೊಡ್ತಾರೆ?" ಎಂದು ಕೇಳಿದರು. ಮಳೆಗೆ, ಬಿಸಿಲಿಗೆ ನಿಂತವರು ಅಂಗಡಿಯ ಒಳಗೂ ನೋಡುತ್ತಾರೆ, ಕೊಳ್ಳುವವರು ಅವರಲ್ಲಿಯೇ ಇರುತ್ತಾರೆ ಎಂದೆ. ಕಂಬದ ಕಲ್ಲಿನ ದರ ಕೇಳಿದರು, ಹೇಳಿದೆ. ಕೊನೆಗೆ, "ನಾನೊಬ್ಬನೇ ಬಿಟ್ಟರೆ ಅಲ್ಲಿ ಬೈಕ್ ನಿಲ್ಲಿಸ್ತಾರೆ. ಪಕ್ಕದವರು ಬಿಟ್ಟರೆ ನಾನೂ ಬಿಡ್ತೀನಿ" ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ, ಒಂದೇ ಅಂಗಡಿಯ ಮುಂದಿನ ಏಳಡಿ ಕೈಸಾಲೆಯಾಗುವುದಿಲ್ಲ. ಪಕ್ಕದ ನಿವೇಶನ ಇಬ್ಬರು ಅಣ್ಣತಮ್ಮಂದಿರದು, ಅವರೂ ಮುಂದಿನ ವರ್ಷ ಕಟ್ಟಬೇಕೆಂದಿದ್ದಾರೆ. ಟ್ಯೂರಿನ್‌ನಲ್ಲಿ ತೆಗೆದ ಚಿತ್ರಗಳನ್ನು ಹಿಡಿದುಕೊಂಡು ಸೋಮವಾರ ಅವರ ಮನೆಗೆ ಹೋಗುತ್ತಿದ್ದೇನೆ.